ಗಾಜಿನವರ ಕಟರ್

ಯಾರೋ ನಕ್ಕರು, ನಕ್ಕು ಅಲ್ಲೇ ನುಂಗಿಕೊಂಡರು, ನಲ್ಲಿಯ ಹತ್ತಿರ ಇರಬೇಕು, ಹಲ್ಲುಜ್ಜುವವರು, ಬಾಯಿತುಂಬ ನೊರೆ ಇಟ್ಟುಕೊಂಡು ಏನೋ ಹೇಳಿದ್ದಾರೆ, ಆಮೇಲೆ ಗೋಡೆಯ ಈಚೆ ನಾನು ಮಲಗಿರುವುದು ನೆನಪಾಗಿದೆ, ಪಾಪ, ನಗಲಿ, ಎಷ್ಟು ದಿನ ಅಂತ ತಡೆದುಕೊಂಡಾರು, ನಿನ್ನೆ ಮಧ್ಯಾಹ್ನ ಅವನಿಗೆ ಮಣ್ಣು ಕೊಟ್ಟಾಯಿತು, ಇವತ್ತು ಕೆಲಸದ ದಿನ, ಸುಣ್ಣ ಹೊಡೆಯುವವರು ಸುಣ್ಣ ಹೊಡೆಯಬೇಕು, ನೀರು ಹೊರುವವರು ನೀರು ಹೊರಬೇಕು, ಕಿಟಕಿ ಕೂರಿಸುವವರು — ಕಿಟಕಿ ಕೂರಿಸುವವನು ಅವನೊಬ್ಬನೇ ಇದ್ದ. ಕಣ್ಣು ಬಿಡದೆ ಪಕ್ಕಕ್ಕೆ ಕೈ ಚಾಚಿದೆ, ನೆಲ ಸಿಕ್ಕಿತು, ತಣ್ಣಗೆ, ಅವನ ಮಂಚವನ್ನು ಯಾವಾಗ ಎತ್ತಿಕೊಂಡು ಹೋದರೋ, ಒಳ್ಳೆಯದಕ್ಕೇ ಮಾಡಿರುತ್ತಾರೆ, ಬರಿಯ ಮಂಚ ನೋಡಿ ನನಗೆ ಸಂಕಟವಾಗದಿರಲಿ ಅಂತ, ಈಗ ನೆಲದ ಮೇಲೆ ಮಂಚದ ನಾಲ್ಕು ಕಾಲಿನ ಗುರುತು ಇದೆ, ಅದನ್ನು ಯಾರು ಎತ್ತುತ್ತಾರೆ. ನಾಳೆ ಬೆಳಿಗ್ಗೆ ನನ್ನ ವಿಮಾನ, ನನ್ನೊಬ್ಬಳದು, ಉಳಿದವರು ಇನ್ನೊಂದು ವಾರ ಇರುತ್ತಾರೆ, ಮೂರು ವಾರಕ್ಕೆ ಅಂತ ನಮ್ಮ ಚರ್ಚಿನ ಸಭೆಯಿಂದ ಹತ್ತು ಜನ ಈ ದೇಶಕ್ಕೆ ಬಂದದ್ದು, ಪಾಸ್ಟರ್ ಸೇರಿ, ಈ ಶಾಲೆಗೆ ಎರಡು ಕೋಣೆ ಕಟ್ಟಿಕೊಡುವುದು, ಓಣಿಯ ಜನರ ಗೆಳೆತನ ಮಾಡುವುದು, ಸುವಾರ್ತೆ ಹೇಳುವುದು, ಅದೇ ಕ್ರಮದಲ್ಲಿ, ಕಾಗದದಲ್ಲಿ ಹಾಗೇ ಅಚ್ಚು ಹಾಕಿಸಿದ್ದರು. ಕೋಣೆ ಮುಗಿಯುತ್ತ ಬಂದಿದೆ. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಅವನು ಆ ಕೋಣೆಯ ಕಿಟಕಿಯ ಕೆಳಗೆ ಕೂತ, ಗೋಡೆಗೆ ಒರಗಿ, ಕಾಲು ಚಾಚಿ, ಟೀ ತಂದ ನಮ್ಮ ತಂಡದ ಅಡುಗೆಯಕ್ಕ, ಏನಪ್ಪಾ ಮೈಗಳ್ಳ, ಹತ್ತೂವರೆಗೇ ರಿಟೈರಾ ಅಂದರು, ನಾನು ಏಣಿಯ ಮೇಲೆ ಸುಣ್ಣದ ಬ್ರಷ್ ಹಿಡಿದುಕೊಂಡು ನಕ್ಕೆ, ಎಲ್ಲರೂ ನಕ್ಕರು, ಅವನು ಹಿಂದೆಯೂ ಎರಡು ಸಲ ಸತ್ತಿದ್ದ, ಒಂದು ಸಲ ವಿಮಾನದಲ್ಲಿ ಊಟದ ತಟ್ಟೆ ಬಂದಾಗ, ಇನ್ನೊಂದು ಸಲ ಪಾಸ್ಟರ್ ಪ್ರಸಂಗ ಮುಕ್ಕಾಲು ಗಂಟೆ ದಾಟಿದಾಗ, ನಾಲಿಗೆ ಹೊರಗೆ ಹಾಕಿ, ಕತ್ತು ವಾಲಿಸಿ, ಈ ಸಲ ನಾಲಿಗೆ ಹೊರಗೆ ಇರಲಿಲ್ಲ, ಅಷ್ಟೇ ವ್ಯತ್ಯಾಸ, ಅದು ಕಾಣಲು ನಮಗೆ ಎಷ್ಟು ಹೊತ್ತು ಹಿಡಿಯಿತು, ಎರಡು ನಿಮಿಷ, ಮೂರು, ಒಂದು ಲೋಟ ಟೀ ಆರುವಷ್ಟು. ಮೂವತ್ತೊಂದು ವರ್ಷ. ಹೃದಯ, ಅಂದರು ಆಸ್ಪತ್ರೆಯವರು, ಹುಟ್ಟಿದಾಗಿನಿಂದಲೂ ಇದ್ದಿರಬಹುದಂತೆ ಅಂತ ಶಾಲೆಯ ಟೀಚರ್ ಅದನ್ನು ನಮ್ಮ ಭಾಷೆಗೆ ಮಾಡಿ ಹೇಳಿದರು, ಇಲ್ಲಿ ಎರಡೂ ಭಾಷೆ ಬರುವವರು ಅವರೊಬ್ಬರೇ, ಏನು ಇದ್ದಿರಬಹುದು ಅಂತ ನಾನು ಕೇಳಲಿಲ್ಲ. ದೇಹ ಊರಿಗೆ ಕಳಿಸಲು ಹದಿನೈದು ದಿನವಾದರೂ ಬೇಕು ಅಂದರು, ಅತ್ತೆಗೆ ಫೋನ್ ಮಾಡಿದೆ, ಅಲ್ಲೇ ಮಾಡಿಬಿಡಮ್ಮ, ನನ್ನ ಮಗನ್ನ ಡಬ್ಬಿಯಲ್ಲಿ ಹಾಕಿ ಸಾಮಾನಿನ ಹಾಗೆ ಕಳಿಸಬೇಡ ಅಂದರು, ಸಂಜೆ ಅವರೇ ಮತ್ತೆ ಮಾಡಿ, ಕರ್ಕೊಂಡು ಬಂದುಬಿಡಮ್ಮ, ಎಷ್ಟು ದಿನ ಆದರೂ ಆಗಲಿ ಅಂದರು, ಅಷ್ಟು ಹೊತ್ತಿಗೆ ನಾನು ಸಹಿ ಹಾಕಿ ಆಗಿತ್ತು, ಮೂರು ಕಡೆ, ಓದಲಾಗದ ಅಕ್ಷರಗಳ ಕೆಳಗೆ, ಎಲ್ಲಿ ಅಂತ ಬೆರಳಿಟ್ಟು ತೋರಿಸಿದ ಕಡೆ.

ಎದ್ದೆ, ಎದ್ದಿದ್ದೇನೆ, ಮುಖ ತೊಳೆದಿದ್ದೇನೆ, ಟವೆಲ್ ಅವನದು, ಇರಲಿ. ಅಡುಗೆಮನೆಯಲ್ಲಿ ಅಕ್ಕ ನನ್ನನ್ನು ನೋಡಿದ ಕೂಡಲೇ ಸೌಟು ಕೆಳಗಿಟ್ಟರು, ಆರು ದಿನದಿಂದ ಹೀಗೇ, ನಾನು ಒಳಗೆ ಬಂದರೆ ಕೈಯಲ್ಲಿರುವುದನ್ನು ಕೆಳಗಿಡುತ್ತಾರೆ, ಪೊಲೀಸರ ಎದುರು ನಿಂತ ಹಾಗೆ, ಮೈಗಳ್ಳ ಅಂದದ್ದು ಅವರ ಗಂಟಲಲ್ಲೇ ಕೂತುಬಿಟ್ಟಿದೆ, ಪರವಾಗಿಲ್ಲ ಅಕ್ಕ ಅನ್ನಬೇಕು, ನಾನೂ ನಕ್ಕೆ ಅಕ್ಕ ಅನ್ನಬೇಕು. ಎರಡು ತುತ್ತು ಹಾಕ್ಕೋ ಕಣಮ್ಮ, ನಾಳೆ ದಾರಿಯಲ್ಲಿ ಏನು ಸಿಗುತ್ತೋ ಏನೋ. ತಿಂದೆ, ಉಪ್ಪಿಲ್ಲ, ಅಥವಾ ಇದೆ, ನನಗೇ ಗೊತ್ತಾಗುತ್ತಿಲ್ಲ. ಉಪ್ಪಿಗೇನು ಬರ, ಉಗ್ರಾಣದಲ್ಲಿ ಆರು ಕಿಲೋ ಇದೆ, ಆದರೂ ಅಕ್ಕ ಓಣಿಯ ಏಳು ಮನೆಗೆ ಬಟ್ಟಲು ಹಿಡಿದು ಹೋಗಿ ಉಪ್ಪು ಕೇಳಿ ತಂದಿದ್ದರು, ಅದು ಪಾಸ್ಟರ್ ಹೇಳಿಕೊಟ್ಟ ಪದ್ಧತಿ, ಕೊಡುವವರ ಹಾಗೆ ಹೋಗಬೇಡಿ, ಕೇಳುವವರ ಹಾಗೆ ಹೋಗಿ, ತಮಗೆ ಕೊಟ್ಟವರನ್ನು ಜನ ಮರೀತಾರೆ, ತಾವು ಯಾರಿಗೆ ಕೊಟ್ಟರೋ ಅವರನ್ನು ಮರೆಯೋದಿಲ್ಲ, ಅದಕ್ಕೇ ಮನೆಗೊಂದು ಸಣ್ಣ ಸಾಮಾನು ಕಡ ಕೇಳಿ, ಜರಡಿ, ಬಕೆಟ್, ಛತ್ರಿ, ನಮ್ಮ ಹತ್ತಿರ ಇದ್ದರೂ ಕೇಳಿ, ಮೂರು ದಿನದಲ್ಲಿ ವಾಪಸ್ ಕೊಡಿ, ಒಂದು ಸಾಮಾನಿಗೆ ಎರಡು ಭೇಟಿ ಆಯಿತು ನೋಡಿ. ಏಳು ಮನೆ ಉಪ್ಪು ತಿಂದಾಯ್ತು ಪಾಸ್ಟರ್, ಈ ಋಣ ತೀರಿಸೋಕೆ ಏಳು ಜನ್ಮ ಬೇಕು, ನೀವು ನೋಡಿದರೆ ನಮಗೆ ಒಂದೇ ಜನ್ಮ ಅಂತೀರಿ ಅಂತ ಅಕ್ಕ ಅಂದಾಗ ಅವನು ನೆಲಕ್ಕೆ ಬಿದ್ದು ನಕ್ಕಿದ್ದ. ಕೇಳುವುದರಲ್ಲಿ ಅವನೇ ಮುಂದೆ, ನಾಚಿಕೆ ಅನ್ನುವುದೇ ಇಲ್ಲ, ಮೊದಲ ದಿನವೇ ಸುತ್ತಿಗೆ, ಚಾಪೆ, ಒಂದು ಮುದುಕಿಯ ಊರುಗೋಲು, ಊರುಗೋಲು ಯಾಕೋ ಅಂದರೆ, ಜೇಡರ ಬಲೆ ತೆಗೆಯೋಕೆ ಕಣೇ, ವಾಪಸ್ ಕೊಡೋವರೆಗೂ ಅಜ್ಜಿ ಪಕ್ಕದಲ್ಲೇ ಕೂತಿದ್ದೆ, ಎದ್ದು ಹೋಗೋಕೆ ಅವರಿಗೂ ಆಗಲ್ಲ ನೋಡು, ಒಳ್ಳೇ ಮಾತಾಯ್ತು. ಏನು ಮಾತು, ಯಾವ ಭಾಷೆಯಲ್ಲಿ, ನಮಗೆ ಬಂದದ್ದು ಮೂವತ್ತು ವಾಕ್ಯ, ಒಂದು ಕಾರ್ಡಿನಲ್ಲಿ, ನಿಮ್ಮ ಹೆಸರೇನು, ನಿಮಗೆ ಎಷ್ಟು ಮಕ್ಕಳು, ಇದನ್ನು ಒಂದು ದಿನಕ್ಕೆ ಕೊಡುತ್ತೀರಾ, ನಾಳೆ ತಂದುಕೊಡುತ್ತೇನೆ, ನಿಮಗಾಗಿ ಪ್ರಾರ್ಥಿಸಬಹುದೇ. ಪ್ರತಿ ಸಂಜೆ ಅವರೆಲ್ಲ ಬಂದು ಹೇಳುವುದು, ನಾನು ಬರೆಯುವುದು, ಎಂ.ಎ. ಮಾಡಿದವರು ನೀವು ಸಿಸ್ಟರ್, ನಿಮ್ಮ ಅಕ್ಷರ ಮುತ್ತಿನ ಹಾಗಿದೆ ಅಂತ ಪಾಸ್ಟರ್ ಆ ಹಾಳೆಗಳನ್ನು ನನಗೆ ಒಪ್ಪಿಸಿದ್ದರು, ಮನೆ, ಮನೆಯವರು, ಏನು ಕೇಳಿದೆವು, ಏನು ಮಾತಾಯಿತು, ಮುಂದಿನ ಹೆಜ್ಜೆ. ಮುಂದಿನ ಹೆಜ್ಜೆ ಅನ್ನುವ ಕಡೆ ಎಲ್ಲರದೂ ಒಂದೇ, ಪ್ರಾರ್ಥನಾ ಕೂಟಕ್ಕೆ ಕರೆಯುವುದು. ಇವತ್ತು ಬೆಳಗಿನ ಪ್ರಾರ್ಥನೆಯಲ್ಲೂ ನಾನು ಕೂತೆ, ಎಲ್ಲರ ನಡುವೆ, ಜಮಖಾನೆಯ ಮೇಲೆ, ಪಾಸ್ಟರ್ ದನಿ ಒಡೆದಿತ್ತು, ಅವರೂ ಆರು ದಿನದಿಂದ ಮಲಗಿಲ್ಲ, ಆಸ್ಪತ್ರೆ, ಕಚೇರಿ, ಸ್ಮಶಾನ ಎಲ್ಲ ಓಡಾಡಿದವರು ಅವರೇ, ಕರ್ತನೇ ನಿನ್ನ ಚಿತ್ತ ನಮಗೆ ತಿಳಿಯದು ಅಂದರು, ತಿಳಿಯದು ಅಂದಾಗ ನನಗೆ ಅವರ ಮೇಲೆ ಪ್ರೀತಿ ಬಂತು, ಅಲ್ಲಿಗೇ ನಿಲ್ಲಿಸಬಾರದಿತ್ತೇ, ನಿಲ್ಲಿಸಲಿಲ್ಲ, ಆದರೂ ಕರ್ತನೇ, ಎದುರಿನ ಗಾಜಿನ ಅಂಗಡಿಯ ಮನುಷ್ಯನ ಹೃದಯವನ್ನು ಈ ಸಾವಿನ ಮೂಲಕ ನೀನು ಮುಟ್ಟಿದ್ದೀ, ಆರು ದಿನದಿಂದ ಅವನು ಕೆಲಸ ಮುಟ್ಟಿಲ್ಲ, ಬಂದ ಗಿರಾಕಿಗಳನ್ನು ವಾಪಸ್ ಕಳಿಸುತ್ತಿದ್ದಾನೆ, ನಮಗೆ ಬಾಗಿಲು ತೆರೆದಿದ್ದೀ, ಸ್ತೋತ್ರ. ಸ್ತೋತ್ರ ಎಂದರು ಎಲ್ಲರೂ. ನಾನೂ ಎಂದೆ, ಅಭ್ಯಾಸ. ಆಮೇಲೆ ನನ್ನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು, ಸಿಸ್ಟರ್, ನಿಮಗೆ ಶಕ್ತಿ ಇದ್ದರೆ ಮಾತ್ರ, ಸಂಜೆ ನಾವು ಮೂವರೂ ಅವರ ಅಂಗಡಿಗೆ ಹೋಗಿ ಬರೋಣ, ನೀವು, ನಾನು, ಟೀಚರ್, ನೀವು ಎರಡು ಮಾತು ಸಾಕ್ಷಿ ಹೇಳಿದರೆ ಸಾಕು, ನಿಮ್ಮ ಮಾತಿಗೆ ಇರುವ ಬಲ ನಮ್ಮ ಮಾತಿಗಿಲ್ಲ. ಸರಿ ಅಂದೆನೋ, ತಲೆಯಾಡಿಸಿದೆನೋ.

ಪೆಟ್ಟಿಗೆ ತುಂಬಬೇಕು, ಅವನ ಅಂಗಿಗಳು ನಾಲ್ಕು, ನನ್ನವು ನಾಲ್ಕು, ಮಡಚಿದರೆ ಎಲ್ಲ ಒಂದೇ ಅಳತೆ. ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ ಮಂಚದ ಕೆಳಗಿತ್ತು, ಬಾಯಿಗೆ ಗಂಟು, ಬಿಚ್ಚಲಿಲ್ಲ ನಾನು ಇಷ್ಟು ದಿನ, ಹಲ್ಲಿನಿಂದ ಬಿಚ್ಚಿದೆ, ಬೆಲ್ಟು, ಒಂದು ಚಪ್ಪಲಿ, ಇನ್ನೊಂದು ಎಲ್ಲಿ, ಕೆಲಸದ ಅಂಗಿ, ನಡುವೆ ಕತ್ತರಿಯಲ್ಲಿ ಸೀಳಿದ್ದು, ಜೇಬಿನಲ್ಲಿ ಪೆನ್ನು, ಅಲ್ಲ, ಪೆನ್ನಲ್ಲ, ಹಿತ್ತಾಳೆಯ ಕೊಳವೆ, ಹಿಡಿಯುವ ಕಡೆ ಸವೆದು ಸೊಂಟದ ಹಾಗೆ ಒಳಗೆ ಹೋಗಿದೆ, ತುದಿಯಲ್ಲಿ ಎಳ್ಳುಕಾಳಿನಷ್ಟು ಚಕ್ರ, ಬೆರಳಿಟ್ಟರೆ ತಿರುಗುತ್ತದೆ, ಸೀಮೆಎಣ್ಣೆ ವಾಸನೆ — ಗಾಜಿನವರ ಕಟರ್. ಆರು ದಿನ. ಆರು ದಿನದಿಂದ ಅವರು ಕೆಲಸ ಮುಟ್ಟಿಲ್ಲ. ಕರ್ತ ಹೃದಯ ಮುಟ್ಟಿದ್ದಾನೆ, ಸ್ತೋತ್ರ. ಅಯ್ಯೋ, ಕಟರ್ ಇಲ್ಲಿದೆಯಲ್ಲ, ಪ್ಲಾಸ್ಟಿಕ್ ಚೀಲದಲ್ಲಿ, ನನ್ನ ಮಂಚದ ಕೆಳಗೆ, ಆ ಮನುಷ್ಯ ಯಾವುದರಲ್ಲಿ ಗಾಜು ಕೊಯ್ಯಬೇಕು, ಹಲ್ಲಿನಲ್ಲೇನು, ಸಾವಿನ ಮನೆಗೆ ಬಂದು ನನ್ನ ಸಾಮಾನು ಕೊಡಿ ಅಂತ ಹೇಗೆ ಕೇಳುವುದು ಅಂತ ಸುಮ್ಮನಿದ್ದಾರೆ, ನಿನ್ನೆ ಸ್ಮಶಾನಕ್ಕೂ ಬಂದಿದ್ದರು, ಗೇಟಿನಿಂದ ಒಳಗೆ ಬರಲಿಲ್ಲ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು, ನಾನು ಅವರ ಕಡೆ ನೋಡಿದಾಗ ಏನೋ ಹೇಳುವವರ ಹಾಗೆ ಬಾಯಿ ತೆರೆದು ಮುಚ್ಚಿದರು, ಅದೇ ಇರಬೇಕು, ಕಟರ್, ಮತ್ತೇನು. ಅಂಗಿ ಅಲ್ಲೇ ಬಿಟ್ಟು ಉಗ್ರಾಣಕ್ಕೆ ಹೋದೆ, ನಮ್ಮ ಸಾಮಾನಿನ ಕಬ್ಬಿಣದ ಪೆಟ್ಟಿಗೆ, ಮೊಳೆ, ರಸಮಟ್ಟ, ಸ್ಕ್ರೂಡ್ರೈವರ್, ಅಡಿಯಲ್ಲಿ ಇತ್ತು, ನನಗೆ ಗೊತ್ತು ಇರುತ್ತದೆ ಅಂತ, ಪಟ್ಟಿ ಬರೆದವಳು ನಾನೇ, ಗ್ಲಾಸ್ ಕಟರ್ ಒಂದು, ಹೊಸದು, ಊರಿನಿಂದ ತಂದದ್ದು, ಪ್ಯಾಕೆಟ್ ಕೂಡ ಹರಿದಿಲ್ಲ. ನಮ್ಮ ಹತ್ತಿರ ಇದ್ದರೂ ಕೇಳಿ. ನಾನು ಕೇಳಿದ್ದೆ ಅವನನ್ನು, ಹೋದ ವಾರ, ಅಲ್ಲ ಕಣೋ, ಮೂರು ದಿನ ಆಗಲಿಲ್ಲವಾ, ಅವರದ್ದು ಅವರಿಗೆ ಕೊಡು, ಹೊಟ್ಟೆಪಾಡಿನ ಸಾಮಾನು ಅದು ಅಂದೆ. ಕೊಡ್ತೀನಿ ಕಣೇ, ದಿನಾ ಬೆಳಿಗ್ಗೆ ತಗೊಂಡು ಸಂಜೆ ಕೊಡ್ತಿದೀನಿ, ಮತ್ತೆ ಬೆಳಿಗ್ಗೆ ತಗೊಳ್ತೀನಿ. ಹಾಗಾದರೆ ಅದನ್ನು ಎಷ್ಟು ಭೇಟಿ ಅಂತ ಬರೆಯಲಿ, ಹಾಳೆ ನನ್ನ ತೊಡೆಯ ಮೇಲಿತ್ತು, ಪೆನ್ನಿನ ಮುಚ್ಚಳ ತೆಗೆದಿದ್ದೆ. ಅವರದ್ದು ಬರೀಬೇಡ. ಯಾಕೆ. ಅದು ಬೇರೆ. ಬೇರೆ ಅಂದರೆ ಏನು ಅಂತ ನಾನು ಕೇಳಬಹುದಿತ್ತು, ಸಿಟ್ಟು ಬಂದಿತ್ತು ನನಗೆ, ಪಾಸ್ಟರ್ ನಾಳೆ ನನ್ನನ್ನು ಕೇಳುತ್ತಾರೆ, ನಿನ್ನನ್ನಲ್ಲ ಅಂದೆ, ಅವನು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಬರೆಯುವ ಹಲಗೆಯ ಮೇಲೆ ಒಂದು ಗೆರೆ ಎಳೆದ, ಒಂದೇ ಉಸಿರಿಗೆ, ಈ ತುದಿಯಿಂದ ಆ ತುದಿಗೆ, ನೋಡು, ಹೀಗೆ, ನಡುವೆ ನಿಲ್ಲಿಸಬಾರದು, ಎರಡನೇ ಸಲ ಎಳೀಬಾರದು, ಎಳೆದ ಮೇಲೆ ಯೋಚನೆ ಮಾಡ್ತಾ ನಿಂತುಕೋಬಾರದು, ಎರಡೂ ಹೆಬ್ಬೆರಳು ಗೆರೆಯ ಆಕಡೆ ಈಕಡೆ ಇಟ್ಟು ತಕ್ಷಣ ಒತ್ತಬೇಕು, ತಡ ಮಾಡಿದರೆ ಗೆರೆ ಮಾಯುತ್ತಂತೆ ಕಣೇ, ಗಾಯ ಮಾಯೋ ಹಾಗೆ, ಆಮೇಲೆ ಒತ್ತಿದರೆ ಗಾಜು ತನಗೆ ಬಂದ ಕಡೆ ಒಡೆಯುತ್ತೆ. ಗಾಜಿಗೆ ಗಾಯ ಮಾಯುತ್ತಾ, ಯಾರು ಹೇಳಿದ್ದು, ನಿನಗೆ ಬರೋದು ಮೂವತ್ತು ವಾಕ್ಯ. ಅವರು ಮೊಣಕೈ ತೋರಿಸಿದರು, ಹಳೇ ಗಾಯದ ಕಲೆ ಇದೆ ಅಲ್ಲಿ, ಆಮೇಲೆ ಗಾಜು ತೋರಿಸಿದರು, ನನಗೆ ಅರ್ಥ ಆಯ್ತು ಅಂದ. ಅವನ ಹಾಳೆಗಳು ಇಲ್ಲೇ ಇವೆ, ಹದಿನಾಲ್ಕು ಮನೆ, ಊರುಗೋಲಿನ ಅಜ್ಜಿ ಇದ್ದಾರೆ, ಚಾಪೆಯವರು, ಸುತ್ತಿಗೆಯವರು, ಎಲ್ಲರ ಮುಂದೆಯೂ ಮುಂದಿನ ಹೆಜ್ಜೆ, ನನ್ನ ಮುತ್ತಿನಂಥ ಅಕ್ಷರದಲ್ಲಿ, ಗಾಜಿನವರು ಎಲ್ಲೂ ಇಲ್ಲ. ಬೇರೆ ಅಂದರೆ ಗೆಳೆಯರು ಅಂತಲೋ, ಅಥವಾ ಇವರ ಹತ್ತಿರ ಸುವಾರ್ತೆಯ ಮಾತೇ ಎತ್ತಲಿಲ್ಲ, ಬರೆದರೆ ಸಿಕ್ಕಿಬೀಳುತ್ತೇನೆ ಅಂತಲೋ, ಯಾರನ್ನು ಕೇಳಲಿ, ಒಬ್ಬನ ಬಾಯಲ್ಲಿ ಮಣ್ಣು, ಇನ್ನೊಬ್ಬರ ಬಾಯಲ್ಲಿ ನನಗೆ ಬಾರದ ಭಾಷೆ. ಗುರುವಾರವೂ ಗೆರೆ ಎಳೆದಿದ್ದ, ಆ ಗಾಜು ಇನ್ನೂ ಕೋಣೆಯಲ್ಲಿ ಎರಡು ಸ್ಟೂಲಿನ ಮೇಲೆ ಮಲಗಿದೆ, ನೇರ ನೋಡಿದರೆ ಏನೂ ಇಲ್ಲ, ಬಗ್ಗಿ ಓರೆಯಾಗಿ ನೋಡಿದರೆ ಕೂದಲಿನಷ್ಟು ಗೆರೆ, ಎಳೆದು, ಕಟರನ್ನು ಜೇಬಿಗೆ ಹಾಕಿಕೊಂಡು, ಹೆಬ್ಬೆರಳು ಇಡಲು ಬಗ್ಗುವುದರ ಬದಲು ಕೂತುಬಿಟ್ಟ.

ಸಂಜೆಯವರೆಗೆ ಕಾಯಬಾರದು, ಕಾದರೆ ಪಾಸ್ಟರ್ ಬರುತ್ತಾರೆ, ಟೀಚರ್ ಬರುತ್ತಾರೆ, ಟೀಚರ್ ಬಂದರೆ ಕೇಳಬಹುದು, ಬೇರೆ ಅಂದರೆ ಏನು ಅಂತ, ನಮ್ಮ ಹತ್ತಿರ ಇನ್ನೊಂದು ಇತ್ತು ಕ್ಷಮಿಸಿ ಅಂತ ಹೇಳಿಸಬಹುದು, ಆದರೆ ಪಾಸ್ಟರ್ ಎದುರಿಗೆ ಅಲ್ಲ, ಅವರು ಕಟರ್ ನೋಡಿದರೆ ನೊಂದುಕೊಳ್ಳುತ್ತಾರೆ, ಬೆಳಿಗ್ಗೆ ಸ್ತೋತ್ರ ಹೇಳಿದ್ದಾರೆ, ಅಥವಾ ನೊಂದುಕೊಳ್ಳದೆ ಇದನ್ನೂ ಪ್ರಾರ್ಥನೆಗೆ ಸೇರಿಸಿಬಿಡುತ್ತಾರೆ, ಅದನ್ನು ನನ್ನಿಂದ ತಡೆದುಕೊಳ್ಳಲಾಗದು. ಕರವಸ್ತ್ರದಲ್ಲಿ ಸುತ್ತಿದೆ. ಅಂಗಳ ದಾಟುವಾಗ ಪಾಸ್ಟರ್ ಸುಣ್ಣ ಕಲಸುತ್ತಿದ್ದರು, ಪ್ಯಾಂಟು ಮೊಣಕಾಲವರೆಗೆ ಮಡಚಿ, ಎಲ್ಲಿಗೆ ಸಿಸ್ಟರ್, ಒಬ್ಬರೇ, ಸ್ವಲ್ಪ ಗಾಳಿಗೆ ಪಾಸ್ಟರ್, ಯಾರನ್ನಾದರೂ ಕಳಿಸಲಾ, ಬೇಡ, ಇಲ್ಲೇ. ಸುಳ್ಳಲ್ಲ, ಇಲ್ಲೇ, ಎದುರಿಗೇ, ಇಪ್ಪತ್ತು ಹೆಜ್ಜೆ. ಓಣಿಯವರು ನನಗೆ ದಾರಿ ಬಿಡುತ್ತಾರೆ, ಬೇಕಾದಷ್ಟು ಜಾಗ ಇದ್ದರೂ ಬಿಡುತ್ತಾರೆ, ಚಾಪೆಯ ಮನೆಯವರು ಬಾಗಿಲಲ್ಲಿ ಎದ್ದು ನಿಂತರು, ಸೈಕಲ್ಲಿನವನು ಇಳಿದು ತಳ್ಳಿಕೊಂಡು ಹೋದ, ಬಂದಾಗಿನಿಂದ ನಾವು ಇವರ ಬಾಗಿಲು ತಟ್ಟಿ ಗೆಳೆತನ ಮಾಡಲು ಏನೆಲ್ಲ ಪಾಡು ಪಟ್ಟೆವು, ಈಗ ಯಾರೂ ಏನನ್ನೂ ಕೇಳದೆ ಎಲ್ಲರಿಗೂ ನಾನು ಗೊತ್ತು. ಮೂವತ್ತು ವಾಕ್ಯ ಮನಸ್ಸಿನಲ್ಲೇ ಹೇಳಿಕೊಂಡೆ, ಇಗೋ ಅನ್ನುವುದು ಇಲ್ಲ ಅದರಲ್ಲಿ, ತಗೊಳ್ಳಿ ಅನ್ನುವುದು ಇಲ್ಲ, ತಡವಾಯಿತು ಅನ್ನುವುದು ಇಲ್ಲ, ತರುವ ಮಾತು ಇರುವುದು ಒಂದೇ, ನಾಳೆ ತಂದುಕೊಡುತ್ತೇನೆ. ಅಂಗಡಿಯೊಳಗೆ ತಂಪು, ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳ ಅಂಚು ಹಸಿರು, ಆಳದ ನೀರಿನ ಹಾಗೆ, ಮೇಜಿನ ಮೇಲೆ ಹಾಸಿದ ಕಂಬಳಿ, ಕಂಬಳಿಯ ಮೇಲೆ ಒಂದು ಚೂರೂ ಇಲ್ಲ, ಗುಡಿಸಿ ಒರೆಸಿದ ಹಾಗೆ. ಅವರು ಎದ್ದರು, ನನ್ನಪ್ಪನ ವಯಸ್ಸಿರಬಹುದು, ಸ್ಟೂಲನ್ನು ಅಂಗೈಯಲ್ಲಿ ಒರೆಸಿ ನನ್ನ ಕಡೆ ಸರಿಸಿದರು, ನಾನು ಕೂರಲಿಲ್ಲ, ಕರವಸ್ತ್ರ ಬಿಚ್ಚಿ ಚಾಚಿದೆ, ನಾಳೆ ತಂದುಕೊಡುತ್ತೇನೆ ಅಂದೆ, ಅವರ ಭಾಷೆಯಲ್ಲಿ, ಬೇರೆ ಬರುವುದಿಲ್ಲವಲ್ಲ, ಹೇಳಿದ ಮೇಲೆ ನನ್ನ ಕಿವಿ ಬಿಸಿಯಾಯಿತು, ಅವರು ನಗಲಿಲ್ಲ, ತಲೆಯಾಡಿಸಿದರು, ಎರಡೂ ಕೈಯಲ್ಲಿ ತೆಗೆದುಕೊಂಡರು, ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಲಿಲ್ಲ, ಸರಿಯಾಗಿದೆಯೇ ಅಂತ ನೋಡಲೇ ಇಲ್ಲ. ಇನ್ನು ಹೇಳಬೇಕು, ನಮ್ಮ ಹತ್ತಿರ ಒಂದು ಇತ್ತು, ಹೊಸದು, ಪ್ಯಾಕೆಟ್ಟಿನಲ್ಲಿ, ನಿಮ್ಮ ಕೆಲಸ ಕೆಡಿಸಿದೆವು, ಆರು ದಿನ, ಕ್ಷಮಿಸಿ, ಇಂಥ ಒಂದೂ ಕಾರ್ಡಿನಲ್ಲಿ ಇಲ್ಲ, ಬಾಯಿ ತೆರೆದೆ, ನಿನ್ನೆ ಗೇಟಿನಲ್ಲಿ ಅವರು ತೆರೆದ ಹಾಗೆ, ಮುಚ್ಚಿದೆ, ಅವರ ಮುಖ ನೋಡಲಾಗದೆ ಗೋಡೆ ನೋಡಿದೆ, ಗೋಡೆಯಲ್ಲಿ ಮೊಳೆಗಳ ಸಾಲು, ಮೊಳೆಗೊಂದು ಕಟರ್, ಒಂದು, ಎರಡು, ಮರದ ಹಿಡಿಯದು ಮೂರು, ಕೆಂಪು ಹಿಡಿಯದು ನಾಲ್ಕು, ಐದು, ಎಲ್ಲ ಒರೆಸಿಟ್ಟವು, ಎಣ್ಣೆ ಹಚ್ಚಿದವು, ಒಂದು ಮೊಳೆ ಮಾತ್ರ ಖಾಲಿ. ಐದು ಇದ್ದವು. ಐದು ಇಟ್ಟುಕೊಂಡು ಆರು ದಿನ ಕೆಲಸ ಮುಟ್ಟಲಿಲ್ಲ. ನಾನು ಎಣಿಸಿದ್ದನ್ನು ಅವರು ನೋಡಿದರು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದರು, ಕತ್ತಿನ ಹಿಂದೆ ಕೆರೆದುಕೊಂಡರು, ತಪ್ಪೇನು ಇದರಲ್ಲಿ, ಯಾರದು, ಪಾಸ್ಟರ್ ಹೇಳಿದ್ದೂ ನಿಜವಲ್ಲ, ನಾನು ತಿಳಿದದ್ದೂ ನಿಜವಲ್ಲ, ಅವನು ಮಾತ್ರ ದಿನಾ ಬೆಳಿಗ್ಗೆ ತನ್ನಲ್ಲಿ ಇದ್ದದ್ದನ್ನು ಇಲ್ಲ ಅಂದುಕೊಂಡು ಇಲ್ಲಿ ಬಂದು ನಿಲ್ಲುತ್ತಿದ್ದ, ಇವರು ಐದು ಬಿಟ್ಟು ತಮ್ಮ ಕೈಗೆ ಪಳಗಿದ್ದನ್ನೇ ತೆಗೆದುಕೊಡುತ್ತಿದ್ದರು, ಸಂಜೆ ವಾಪಸ್ ಬರಲಿ ಅಂತ, ಏನು ಮಾತಾಡುತ್ತಿದ್ದರು, ನನ್ನ ವಿಷಯ ಹೇಳಿದ್ದನೇ, ಎದೆಯಲ್ಲಿ ಏನಾದರೂ ಆಗುತ್ತಿದೆ ಅಂತ ಹೇಳಿದ್ದನೇ, ಮೊಣಕೈ ತೋರಿಸಿದ ಹಾಗೆ ಎದೆ ಮುಟ್ಟಿ ತೋರಿಸಿದ್ದನೇ ಇವರಿಗೆ, ನನಗೆ ಹೇಳದ್ದನ್ನು, ಕೇಳಬೇಕು, ಕೈಯಲ್ಲಾದರೂ ಕೇಳಬೇಕು, ನನ್ನ ಕೈ ಎದೆಯವರೆಗೆ ಹೋಯಿತು, ಅವರು ನೋಡಿದರು, ತಮ್ಮ ಕೈಯನ್ನೂ ತಮ್ಮ ಎದೆಯ ಮೇಲೆ ಇಟ್ಟುಕೊಂಡರು, ಹಾಗೆಂದರೆ ಹೌದು ಅಂತಲೇ, ನನಗೂ ಸಂಕಟ ಅಂತಲೇ, ಗೊತ್ತಾಗುವುದಿಲ್ಲ, ನನಗೆ ಎಂದಿಗೂ ಗೊತ್ತಾಗುವುದಿಲ್ಲ, ನಾಳೆ ಬೆಳಿಗ್ಗೆ ವಿಮಾನ. ಅವರು ತಿರುಗಿದರು, ಗೋಡೆಯಿಂದ ಒಂದು ಗಾಜಿನ ತುಂಡು ತೆಗೆದರು, ಪುಸ್ತಕದಷ್ಟು, ಕಂಬಳಿಯ ಮೇಲಿಟ್ಟು ತೋಳಿನಿಂದ ಒರೆಸಿದರು, ಕಟರಿನ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿದರು, ಉಸಿರು ಹಿಡಿದರು, ಎಳೆದರು, ಕಿರ್ರ್ ಎಂದು ಒಂದೇ ಎಳೆತ, ಆರು ದಿನದ ಮೇಲೆ ಮೊದಲನೆಯದು, ಒಡೆಯಲಿಲ್ಲ ಅವರು, ಎತ್ತಿ ನನ್ನ ಕೈಗೆ ಕೊಟ್ಟರು, ನನ್ನ ಬೆರಳುಗಳನ್ನು ಗಾಜಿನ ಕೆಳಗೆ ಮಡಚಿದರು, ಒಂದು ಹೆಬ್ಬೆರಳನ್ನು ಗೆರೆಯ ಈಕಡೆ ಇಟ್ಟರು, ಇನ್ನೊಂದನ್ನು ಆಕಡೆ, ಅವನಿಗೂ ಹೀಗೇ ಇಟ್ಟಿರಬೇಕು, ಹೀಗೇ, ಈ ಒರಟು ಬೆರಳುಗಳಿಂದ, ಆಮೇಲೆ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ಒಂದು ಮಾತು ಹೇಳಿದರು, ಮೂವತ್ತರಲ್ಲಿ ಇಲ್ಲದ ಮಾತು, ಒತ್ತು ಅಂತ ಇರಬೇಕು, ಒತ್ತಮ್ಮ ಅಂತ ಇರಬೇಕು, ಒತ್ತಬೇಕು, ಒತ್ತಿದರೆ ಎರಡಾಗುತ್ತದೆ, ನಿಂತರೆ ಮಾಯುತ್ತದೆ, ಮಾಯಲು ಎಷ್ಟು ಹೊತ್ತು ಬೇಕು ಅಂತ ಅವನು ಹೇಳಲಿಲ್ಲ, ಎರಡು ನಿಮಿಷ, ಮೂರು, ಅವರು ಕಾಯುತ್ತಿದ್ದಾರೆ, ಹೊರಗೆ ಯಾರೋ ನನ್ನನ್ನು ಕರೆಯುತ್ತಿದ್ದಾರೆ, ಸಿಸ್ಟರ್, ಸಿಸ್ಟರ್, ಗಾಜು ನನ್ನ ಕೈಯ ಬಿಸಿಗೆ ಬೆಚ್ಚಗಾಗುತ್ತಿದೆ, ಗೆರೆ ಕಾಣುತ್ತದೆ, ಸ್ವಲ್ಪ ವಾಲಿಸಿದರೆ ಕಾಣುವುದಿಲ್ಲ, ಮತ್ತೆ ಕಾಣುತ್ತದೆ, ಎರಡು ಹೆಬ್ಬೆರಳು, ನಡುವೆ ಗೆರೆ, ನನ್ನ ಹೆಬ್ಬೆರಳು, ಗೆರೆ —